ಅಲೆಯೇ ಬಂಡವಾಳ: ಮೂಲ್ಕಿಯ ಕಡಲತೀರ ವರ್ತಕರಿಗೆ ಕಲಿಸುವ ಲೆಕ್ಕ

ಮಾರ್ಚ್ ಅಂತ್ಯದ ಲೆಕ್ಕಪತ್ರಗಳ ಗಡಿಬಿಡಿ ತಗ್ಗಿ, ಶಾಲೆಗಳಿಗೆ ಬೇಸಿಗೆ ರಜೆ ಬಂದೊಡನೆ ಹಿಂದವಾಡಿ, ಟಿಳಕವಾಡಿ, ಶಹಾಪುರಗಳ ವ್ಯಾಪಾರಿ ಕುಟುಂಬಗಳು ಸಮುದ್ರದ ಕಡೆಗೆ ಮುಖ ಮಾಡುವುದು ವಾಡಿಕೆ. ಚೋರ್ಲಾ ಘಟ್ಟ ಇಳಿದರೆ ಗೋವಾ, ಅಂಬೋಲಿ ಇಳಿದರೆ ಮಾಲವಣ, ಇನ್ನೂ ದೂರ ಹೋಗುವ ಮನಸ್ಸಿದ್ದವರಿಗೆ ಗೋಕರ್ಣ, ಮುರ್ಡೇಶ್ವರ, ಉಡುಪಿ. ನಾಲ್ಕು ದಿನ ಇದ್ದು, ಖರ್ಚು ಮಾಡಿ, ಮರಳಿ ಅಂಗಡಿಯ ಬಾಗಿಲು ತೆರೆಯುತ್ತಾರೆ. ಖರ್ಚಿನ ಲೆಕ್ಕ ಮನೆಗೆ ಬರುತ್ತದೆ. ಆದರೆ ಆ ಊರು ಈ ಹಣವನ್ನು ಯಾವ ಬಗೆಯಲ್ಲಿ ಗಳಿಸಿತು ಎಂಬ ಲೆಕ್ಕ ಬರುವುದಿಲ್ಲ. ಪೇಟೆಯಲ್ಲಿ ಕುಳಿತಾಗ ಒಂದೊಂದು ರೂಪಾಯಿಯ ಜಾಡು ಹಿಡಿಯುವ ವ್ಯಾಪಾರಿ, ರಜೆಗೆ ಹೊರಡುವಾಗ ಆ ಕಣ್ಣನ್ನು ಗಲ್ಲಾಪೆಟ್ಟಿಗೆಯಲ್ಲಿಯೇ ಬಿಟ್ಟು ಹೋಗುತ್ತಾನೆ.

ಕೆಲವೊಮ್ಮೆ ಇದಕ್ಕಿಂತ ದುಬಾರಿಯಾದುದೂ ನಡೆಯುತ್ತದೆ. ಕಡಲಿನ ಚೆಲುವಿಗೆ ಮನಸೋತು, ದಂಡೆಯ ಮೇಲಿನ ಒಂದು ನಿವೇಶನಕ್ಕೆ ಮುಂಗಡ ಕೊಟ್ಟು, 'ಒಂದು ರೆಸಾರ್ಟ್ ಕಟ್ಟಿದರಾಯಿತು' ಎಂಬ ಕನಸಿನೊಡನೆ ಮರಳುವವರಿದ್ದಾರೆ. ಮುಂಗಡದ ಹಣ ಬಹುಮಟ್ಟಿಗೆ ಕಾರ್ಖಾನೆಯ ದುಡಿಯುವ ಬಂಡವಾಳದಿಂದಲೇ ಹೊರಟಿರುತ್ತದೆ. ಕಡಲತೀರದ ಊರಿನಲ್ಲಿ ನಿಜವಾಗಿ ಲಾಭ ಕೊಡುವ ವಸ್ತು ಯಾವುದು ಎಂಬುದನ್ನು ಅರಿಯದೆ ಮಾಡುವ ಈ ಹೂಡಿಕೆ ಎಷ್ಟರಮಟ್ಟಿಗೆ ಸರಿ? ಈ ಪ್ರಶ್ನೆಗೆ ಉತ್ತರ ಹುಡುಕಲು ಕರ್ನಾಟಕದ್ದೇ ಆದ ಒಂದು ಸಣ್ಣ ಊರನ್ನು ವ್ಯಾಪಾರಿಯ ಕಣ್ಣಿನಿಂದ ನೋಡುವುದು ಉಪಯುಕ್ತ.

ಊರು ಮತ್ತು ಅದರ ಹಿನ್ನೆಲೆ

ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿ, ಮಂಗಳೂರಿನಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಮಂಗಳೂರಿಗೆ ಸುಮಾರು 30 ಕಿ.ಮೀ. ಉತ್ತರದಲ್ಲಿದೆ. ಬೆಳಗಾವಿಯಿಂದ ಹೊರಟ ರೈಲು ಮಾರ್ಗ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಮಡಗಾಂವದಲ್ಲಿ ಕೊಂಕಣ ರೈಲು ಮಾರ್ಗವನ್ನು ಕೂಡುತ್ತದೆ. 1998ರಲ್ಲಿ ಪೂರ್ಣಗೊಂಡ ಆ ಮಾರ್ಗದಲ್ಲಿ ದಕ್ಷಿಣಕ್ಕೆ ಸಾಗಿದರೆ ಉಡುಪಿಯ ಆಚೆ ಮೂಲ್ಕಿಯ ನಿಲ್ದಾಣ ಸಿಗುತ್ತದೆ. ಊರಿನ ಪಕ್ಕದಲ್ಲಿ ಶಾಂಭವಿ ನದಿ. ಅದು ನಂದಿನಿ ನದಿಯೊಡನೆ ಕೂಡಿ ಅರಬ್ಬೀ ಸಮುದ್ರ ಸೇರುವ ಅಳಿವೆ. ಅಳಿವೆಯ ದಕ್ಷಿಣಕ್ಕೆ ಸಸಿಹಿತ್ಲು ಕಡಲತೀರ.

ವ್ಯಾಪಾರ ಈ ಊರಿಗೆ ಹೊಸದಲ್ಲ. ಇಲ್ಲಿನ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯದ ಸ್ಥಳಪುರಾಣವೇ ಒಬ್ಬ ವರ್ತಕನ ಕಥೆ. ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿಯ ನಾವೆ ಶಾಂಭವಿಯಲ್ಲಿ ಸಿಕ್ಕಿಕೊಂಡಿತೆಂದೂ, ದೇವಿ ಕನಸಿನಲ್ಲಿ ಕಾಣಿಸಿಕೊಂಡು ಆತನಿಂದ ಗುಡಿ ಕಟ್ಟಿಸಿದಳೆಂದೂ ಪ್ರತೀತಿ. ಆ ಮನೆತನಕ್ಕೆ ಜಾತ್ರೆಯಲ್ಲಿ ಇಂದಿಗೂ ಗೌರವ ಸಲ್ಲುತ್ತದೆ. ಬೆಳಗಾವಿಯ ಹಳೆಯ ವರ್ತಕರಿಗೆ ಮೂಲ್ಕಿಯ ಹೆಸರು ಇನ್ನೊಂದು ದಾರಿಯಿಂದಲೂ ಪರಿಚಿತ. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕನ್ನು ದೇಶವ್ಯಾಪಿ ಸಂಸ್ಥೆಯಾಗಿ ಬೆಳೆಸಿದವರು ಮೂಲ್ಕಿ ಸುಂದರರಾಮ ಶೆಟ್ಟರು. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಹಣ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ನೆರೆಯ ಉಡುಪಿಯಲ್ಲಿ. ಸಣ್ಣ ಮೊತ್ತ, ನಿತ್ಯದ ಶಿಸ್ತು, ದೀರ್ಘಕಾಲದ ತಾಳ್ಮೆ: ಕರಾವಳಿಯ ವಾಣಿಜ್ಯ ಬುದ್ಧಿ ಈ ಮೂರರ ಮೇಲೆ ನಿಂತಿದೆ. ಕಳೆದ ಎರಡು ದಶಕಗಳಲ್ಲಿ ಅಲ್ಲಿ ಬೆಳೆದ ಹೊಸ ಕಸುಬಿನ ಗುಟ್ಟೂ ಇದೇ.

ಅಲೆಗೆ ಬೆಲೆ ಬಂದ ಬಗೆ

ಮೂಲ್ಕಿಯ ಅಲೆ ಸಾವಿರಾರು ವರ್ಷಗಳಿಂದ ದಡಕ್ಕೆ ಬಡಿಯುತ್ತಲೇ ಇತ್ತು. ಮೀನುಗಾರನಿಗೆ ಅದು ದೋಣಿ ಇಳಿಸಲು ಅಡ್ಡಿಯಾಗಿತ್ತೇ ಹೊರತು ಆದಾಯದ ಮೂಲವಾಗಿರಲಿಲ್ಲ. 2004ರಲ್ಲಿ ಅಮೆರಿಕಾ ಮೂಲದ ಸ್ವಾಮಿಗಳಾದ ಜ್ಯಾಕ್ ಹೆಬ್ನರ್ ಅವರು ಇಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಆಶ್ರಮದ ಶಿಸ್ತು, ಸಸ್ಯಾಹಾರ, ಬೆಳಗಿನ ಪ್ರಾರ್ಥನೆ ಹಾಗೂ ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಸರ್ಫಿಂಗ್ ಆಟ ಒಂದೆಡೆ ಸೇರಿದ ಈ ಸಂಸ್ಥೆಯನ್ನು ದೇಶದ ಮೊದಲ ಸರ್ಫಿಂಗ್ ಕ್ಲಬ್ ಎಂದು ಗುರುತಿಸಲಾಗುತ್ತದೆ. ಆಗ ಈ ಆಟದ ಹೆಸರು ಕೇಳಿದವರೇ ನಾಡಿನಲ್ಲಿ ವಿರಳ. ಗಿರಾಕಿ ಇಲ್ಲದ ವಸ್ತುವಿಗೆ ಅಂಗಡಿ ತೆರೆದಂತಹ ಸಾಹಸ ಅದು.

ಮುಂದಿನ ಹೆಜ್ಜೆಗಳು ನಿಧಾನವಾಗಿ ಬಂದವು. ಸ್ಥಳೀಯ ಹುಡುಗರು ಮೊದಲು ಆಟ ಕಲಿತರು, ಆಮೇಲೆ ಕಲಿಸಲು ಕಲಿತರು. 2011ರಲ್ಲಿ ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾ ರೂಪುಗೊಂಡಿತು. 2016ರ ಮೇ ತಿಂಗಳಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. ಮುಂದಿನ ಆವೃತ್ತಿಗಳು ಪಣಂಬೂರು ಹಾಗೂ ಸಸಿಹಿತ್ಲು ತೀರಗಳಲ್ಲಿ ಜರುಗಿದವು. ಮೂಲ್ಕಿಯಲ್ಲಿ ಪಳಗಿದ ತನ್ವಿ ಜಗದೀಶ್ ಅವರು ಹಲಗೆಯ ಮೇಲೆ ನಿಂತು ಹುಟ್ಟುಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡಲಿಂಗ್ ಸ್ಪರ್ಧೆಗಳಲ್ಲಿ ವಿದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸರ್ಫಿಂಗ್ ಮೊದಲ ಬಾರಿ ಒಲಿಂಪಿಕ್ ಕ್ರೀಡೆಯಾಯಿತು. 2026ರ ಏಷ್ಯನ್ ಕ್ರೀಡಾಕೂಟದ ಪಟ್ಟಿಗೂ ಅದು ಸೇರಿತು. ಗಿರಾಕಿಗಳು ಬರತೊಡಗಿದಾಗ ಮೂಲ್ಕಿಯಲ್ಲಿ ಕಲಿಸುವವರು ಸಿದ್ಧರಾಗಿದ್ದರು.

ಕೌಶಲ ಮೊದಲು, ಕಟ್ಟಡ ಆಮೇಲೆ ಎಂಬ ಈ ಕ್ರಮಕ್ಕೆ ವ್ಯಾಪಾರಿ ಕುಟುಂಬದಿಂದಲೇ ಬಂದ ಇನ್ನೊಂದು ನಿದರ್ಶನವಿದೆ. 2025ರ ಆಗಸ್ಟ್‌ನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯರೆನಿಸಿದವರು ರಮೇಶ ಬೂದಿಹಾಳ. ಅವರ ಕುಟುಂಬದ ಮೂಲ ಕರ್ನಾಟಕ. ಕೇರಳದ ಕೋವಳಂ ತೀರದಲ್ಲಿ ಕರಕುಶಲ ವಸ್ತುಗಳನ್ನು ಮಾರಿ ಬದುಕು ಕಟ್ಟಿಕೊಂಡ ಮನೆತನ ಅದು. ಬಯಲುಸೀಮೆಯವರಿಗೆ ಸಮುದ್ರ ಪರಕೀಯ ಎಂಬ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಾರಾಟವಾಗುವ ವಸ್ತು ಯಾವುದು?

ಕಡಲತೀರದಲ್ಲಿ ಒಂದು ಬೆಳಗಿನ ಪಾಠವನ್ನು ಗಮನಿಸಿದರೆ ಈ ಕಸುಬಿನ ಸ್ವರೂಪ ತಿಳಿಯುತ್ತದೆ. ಬಿಸಿಲು ಏರುವ ಮುನ್ನ, ಗಾಳಿ ಇನ್ನೂ ಮಂದವಾಗಿರುವಾಗ, ಉಬ್ಬರ–ಇಳಿತದ ಹೊತ್ತು ನೋಡಿ ಪಾಠ ಆರಂಭವಾಗುತ್ತದೆ. ಕಲಿಯುವವರಿಗೆ ಮೆತ್ತನೆಯ ಮೇಲ್ಮೈಯುಳ್ಳ ಉದ್ದನೆಯ ಹಲಗೆ. ಹಲಗೆ ಕೈತಪ್ಪಿ ಹೋಗದಂತೆ ಕಾಲಿಗೆ ಒಂದು ಹಗ್ಗ. ಮೊದಲು ಮರಳಿನ ಮೇಲೆಯೇ ಮಲಗಿ ಏಳುವ ಅಭ್ಯಾಸ. ನಂತರ ಸೊಂಟದುದ್ದದ ನೀರಿನಲ್ಲಿ ತರಬೇತುದಾರ ನಿಂತು, ಸರಿಯಾದ ಅಲೆ ಬರುವವರೆಗೆ ಕಾದು, ಸರಿಯಾದ ಕ್ಷಣಕ್ಕೆ ಹಲಗೆಯನ್ನು ನೂಕುತ್ತಾನೆ. ಯಾವ ಅಲೆ ಬಿಡಬೇಕು, ಯಾವುದನ್ನು ಹಿಡಿಯಬೇಕು, ಸೆಳೆತ ಎಲ್ಲಿದೆ, ಕಲಿಯುವವ ದಣಿದಿದ್ದಾನೆಯೇ ಎಂಬುದೆಲ್ಲ ಆತನ ಕಣ್ಣಳತೆಯಲ್ಲಿರುತ್ತದೆ.

ಗಿರಾಕಿ ಹಣ ಕೊಡುವುದು ಈ ಕಣ್ಣಳತೆಗೆ. ಸಮುದ್ರ ಯಾರ ಸ್ವತ್ತೂ ಅಲ್ಲ, ಅಲೆಗೆ ಬಾಡಿಗೆ ಇಲ್ಲ, ಹಲಗೆಯನ್ನು ಯಾರಾದರೂ ಕೊಳ್ಳಬಹುದು. ಒಬ್ಬ ತರಬೇತುದಾರ ಒಮ್ಮೆಗೆ ಬೆರಳೆಣಿಕೆಯ ಜನರಿಗಿಂತ ಹೆಚ್ಚು ಮಂದಿಯನ್ನು ಸುರಕ್ಷಿತವಾಗಿ ನೋಡಿಕೊಳ್ಳಲಾರ. ಆದ್ದರಿಂದ ಬಂಡವಾಳ ಇಮ್ಮಡಿ ಸುರಿದ ಮಾತ್ರಕ್ಕೆ ಈ ಉದ್ಯಮ ಇಮ್ಮಡಿಯಾಗದು. ಉದ್ಯಮಬಾಗದ ಫೌಂಡ್ರಿ ಮಾಲೀಕರಿಗೆ ಈ ಮಾತು ಬೇಗ ಅರ್ಥವಾದೀತು. ಹೊಸ ಕುಲುಮೆ ತರಿಸುವುದು ಸುಲಭ, ಅಚ್ಚು ಹಾಕುವ ಕೈ ಪಳಗಬೇಕಾದರೆ ವರ್ಷಗಳು ಬೇಕು. ಒಂದು ಬ್ಯಾಚ್ ಕೆಟ್ಟರೆ ಫೌಂಡ್ರಿಯಲ್ಲಿ ಎರಕ ಮತ್ತೆ ಕುಲುಮೆಗೆ ಹೋಗುತ್ತದೆ. ಕಡಲಿನಲ್ಲಿ ಒಂದು ತಪ್ಪಾದರೆ ಜೀವವೇ ಹೋಗುತ್ತದೆ, ಅದರೊಡನೆ ಇಡೀ ಊರಿನ ಹೆಸರೂ ಹೋಗುತ್ತದೆ.

ಈ ಪಾಠದ ಸುತ್ತ ಸಣ್ಣ ಆದಾಯಗಳ ಒಂದು ವರ್ತುಲವಿದೆ. ಬಂದವರಿಗೆ ತಂಗಲು ಮನೆಯ ಕೋಣೆ, ತಿನ್ನಲು ನೀರುದೋಸೆ, ಓಡಾಡಲು ಆಟೋ, ಒಡೆದ ಹಲಗೆಗೆ ರೆಸಿನ್ ಮತ್ತು ಫೈಬರ್ ಹೊಲಿಗೆ. ಫೈಬರ್ ದೋಣಿಗಳನ್ನು ರಿಪೇರಿ ಮಾಡಿ ಅನುಭವವಿರುವ ಕರಾವಳಿಯ ಕೆಲಸಗಾರರಿಗೆ ಹಲಗೆಯ ರಿಪೇರಿ ಕಷ್ಟದ ಮಾತಲ್ಲ. ಹಣ ಹಲವು ಕೈಗಳಲ್ಲಿ ಹಂಚಿಹೋಗುತ್ತದೆ. ಯಾರೂ ಕೋಟ್ಯಧಿಪತಿಗಳಾಗುವುದಿಲ್ಲ, ಆದರೆ ಕಸುಬು ಊರಿನಲ್ಲಿ ಉಳಿಯುತ್ತದೆ.

ಎಂಟು ತಿಂಗಳ ಆದಾಯ, ಹನ್ನೆರಡು ತಿಂಗಳ ಬಡ್ಡಿ

ದಂಡೆಯಲ್ಲಿ ರೆಸಾರ್ಟ್ ಕಟ್ಟುವ ಕನಸಿನವರು ಮೊದಲು ಗಮನಿಸಬೇಕಾದುದು ಪಂಚಾಂಗವನ್ನು. ಅಕ್ಟೋಬರ್‌ನಿಂದ ಮೇ ತನಕ ಕರಾವಳಿಯ ಕಡಲು ಕಲಿಯುವವರಿಗೆ ಅನುಕೂಲ. ಮಳೆಗಾಲ ಸಮೀಪಿಸಿದಂತೆ ಅಲೆ ಬಲಿಯುತ್ತದೆ. ಆದ್ದರಿಂದಲೇ ಪರಿಣತರ ಸ್ಪರ್ಧೆಗಳು ಮೇ ಕೊನೆಯ ಆಸುಪಾಸಿನಲ್ಲಿ ನಡೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧ. ಯಾಂತ್ರೀಕೃತ ಮೀನುಗಾರಿಕೆಗೇ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಅಂದರೆ ಆದಾಯದ ದಿನಗಳು ಹೆಚ್ಚೆಂದರೆ 240. ಬಡ್ಡಿಯ ದಿನಗಳು ಮಾತ್ರ 365.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಸ್ಥಳೀಯ ಕುಟುಂಬವೊಂದು ತನ್ನ ಮನೆಗೆ ಹೊಂದಿಕೊಂಡಂತೆ 5 ಕೋಣೆಗಳನ್ನು ಸಜ್ಜುಗೊಳಿಸಲು ಶೇ. 10ರ ಬಡ್ಡಿಗೆ 10 ಲಕ್ಷ ರೂಪಾಯಿ ಸಾಲ ಪಡೆಯಿತೆನ್ನೋಣ. ವಾರ್ಷಿಕ ಬಡ್ಡಿ 1 ಲಕ್ಷ. 240 ದಿನಗಳಲ್ಲಿ ಮೂರನೆಯ ಒಂದು ಭಾಗ ಕೋಣೆಗಳು ತುಂಬಿದರೆ 400 ಕೋಣೆ–ರಾತ್ರಿಗಳು. ಪ್ರತಿ ರಾತ್ರಿಯ ಮೇಲೆ ಬೀಳುವ ಬಡ್ಡಿಯ ಹೊರೆ 250 ರೂಪಾಯಿ. ಇನ್ನು ಹೊರಗಿನಿಂದ ಬಂದ ಹೂಡಿಕೆದಾರರೊಬ್ಬರು ಅದೇ ದರದಲ್ಲಿ 4 ಕೋಟಿ ಸಾಲ ಮಾಡಿ 30 ಕೋಣೆಗಳ ರೆಸಾರ್ಟ್ ಕಟ್ಟಿದರೆನ್ನೋಣ. ವಾರ್ಷಿಕ ಬಡ್ಡಿ 40 ಲಕ್ಷ. ಅದೇ ಪ್ರಮಾಣದಲ್ಲಿ ತುಂಬಿದರೆ 2,400 ಕೋಣೆ–ರಾತ್ರಿಗಳು. ಪ್ರತಿ ರಾತ್ರಿಯ ಬಡ್ಡಿ ಸುಮಾರು 1,667 ರೂಪಾಯಿ. ಇದರ ಮೇಲೆ ಸಂಬಳ, ವಿದ್ಯುತ್, ಉಪ್ಪುಗಾಳಿಗೆ ಹಾಳಾಗುವ ಸಾಮಗ್ರಿಗಳ ದುರಸ್ತಿ, ಕೊನೆಗೆ ಅಸಲು. ಕುಟುಂಬದವರು ಮಳೆಗಾಲದಲ್ಲಿ ಕೋಣೆಗೆ ಬೀಗ ಹಾಕಿ ತೋಟದ ಕೆಲಸಕ್ಕೆ ಹೋಗುತ್ತಾರೆ. ರೆಸಾರ್ಟಿನ ವ್ಯವಸ್ಥಾಪಕರ ಸಂಬಳಕ್ಕೆ ಮಳೆಗಾಲವಿಲ್ಲ.

ತೆರಿಗೆಯ ಲೆಕ್ಕವೂ ಇದೇ ದಿಕ್ಕನ್ನು ತೋರುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಗಿರಾಕಿಗೆ ಇದು ಸಂತಸದ ಸುದ್ದಿ. ಆದರೆ ಈ ದರದೊಡನೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಹವಾನಿಯಂತ್ರಕ, ಮಂಚ, ಹಾಸಿಗೆ, ಅಡುಗೆಮನೆಯ ಯಂತ್ರಗಳ ಮೇಲೆ ತೆತ್ತ ತೆರಿಗೆ ಮಾಲೀಕರ ವೆಚ್ಚವಾಗಿಯೇ ಉಳಿಯುತ್ತದೆ. ಸ್ವಂತಕ್ಕೆ ಕಟ್ಟಿಸುವ ಕಟ್ಟಡದ ನಿರ್ಮಾಣ ವೆಚ್ಚದ ಮೇಲಿನ ಕ್ರೆಡಿಟ್ಟಿಗೆ ಕಾನೂನಿನಲ್ಲಿ ಮೊದಲಿನಿಂದಲೂ ತಡೆಯಿದೆ. ಹೂಡಿಕೆ ದೊಡ್ಡದಾದಷ್ಟೂ ಈ ನಷ್ಟ ದೊಡ್ಡದು. ಸೇವಾದಾರರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ. ಐದು ಕೋಣೆಗಳ ಮನೆಯವರು ಬಹುಪಾಲು ಈ ಮಿತಿಯೊಳಗೇ ಬರುತ್ತಾರೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಕಾರ್ಖಾನೆಯ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆದ ಹಣವನ್ನು ಮಾಲೀಕರ ಹೆಸರಿನ ನಿವೇಶನಕ್ಕೆ ತೊಡಗಿಸಿದರೆ ಬ್ಯಾಂಕಿನ ದೃಷ್ಟಿಯಲ್ಲಿ ಅದು ನಿಧಿಯ ಅನ್ಯ ಬಳಕೆ. ಆದಾಯ ತೆರಿಗೆಯ ದೃಷ್ಟಿಯಲ್ಲಿ, ಉದ್ಯಮಕ್ಕೆ ಬಳಸದ ಸಾಲದ ಬಡ್ಡಿ ಉದ್ಯಮದ ವೆಚ್ಚವಲ್ಲ. ಎರಡೂ ಕಡೆ ಪೆಟ್ಟು ತಿಂದ ಮೇಲೆ, ಸರಕಿನ ಪೂರೈಕೆದಾರರಿಗೆ ಹೊತ್ತಿಗೆ ಹಣ ಕೊಡಲಾಗದೆ ಇರುವ ಉದ್ಯಮವೂ ಸೊರಗುತ್ತದೆ.

ದಂಡೆಯ ನೆಲ ಸ್ಥಿರಾಸ್ತಿಯೇ?

ಲೆಕ್ಕಶಾಸ್ತ್ರದಲ್ಲಿ ಭೂಮಿಗೆ ಸವಕಳಿ ಇಲ್ಲ. ಕಡಲ ದಂಡೆಯ ಭೂಮಿಗೆ ಮಾತ್ರ ಸಮುದ್ರವೇ ಸವಕಳಿ ಬರೆಯುತ್ತದೆ. ಉಳ್ಳಾಲದಿಂದ ಆರಂಭಿಸಿ ಕರಾವಳಿಯ ಅನೇಕ ಊರುಗಳಲ್ಲಿ ಕಡಲ್ಕೊರೆತ ಪ್ರತಿ ಮಳೆಗಾಲದ ಸಂಕಟ. ನದಿಯ ಅಳಿವೆಯಲ್ಲಂತೂ ಮರಳಿನ ದಿಬ್ಬ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಅಂಥ ದಿಬ್ಬಗಳ ಮೇಲೆ ಬಂದು ಒಡೆಯುವುದರಿಂದಲೇ ಅಳಿವೆಯ ಅಲೆ ಸರ್ಫಿಂಗಿಗೆ ಒದಗುತ್ತದೆ. ಮರಳನ್ನು ಅತಿಯಾಗಿ ತೆಗೆದರೆ ಅಥವಾ ತಪ್ಪು ಜಾಗದಲ್ಲಿ ಕಲ್ಲಿನ ತಡೆಗೋಡೆ ಹಾಕಿದರೆ ದಿಬ್ಬ ಹೋಗುತ್ತದೆ, ದಿಬ್ಬದೊಡನೆ ಅಲೆಯೂ ಹೋಗುತ್ತದೆ. ಊರಿನ ಅತ್ಯಂತ ಬೆಲೆಯುಳ್ಳ ಈ ಆಸ್ತಿ ಯಾರ ಅಢಾವೆ ಪತ್ರಿಕೆಯಲ್ಲಿಯೂ ಇಲ್ಲದಿರುವುದರಿಂದ ಅದು ನಷ್ಟವಾದಾಗ ಯಾರ ಪುಸ್ತಕದಲ್ಲಿಯೂ ನಷ್ಟ ಕಾಣಿಸುವುದಿಲ್ಲ.

ಕಾನೂನಿನ ಗೆರೆಯನ್ನೂ ಅರಿಯಬೇಕು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಅಭಿವೃದ್ಧಿ ನಿಷಿದ್ಧ ವಲಯವಿದೆ. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯುಳ್ಳ ಕಡೆ, ನಿಗದಿತ ಯೋಜನೆಗೆ ಒಳಪಟ್ಟು, ಇದು 50 ಮೀಟರ್. ಗಮನಾರ್ಹ ಸಂಗತಿಯೆಂದರೆ, ಸ್ಥಳೀಯ ನಿವಾಸಿಗಳು ಹಾಗೂ ಮೀನುಗಾರರು ತಮ್ಮ ಈಗಿನ ಮನೆಯ ವಿಸ್ತೀರ್ಣ, ವಿನ್ಯಾಸಗಳನ್ನು ಬದಲಿಸದೆ ಹೋಮ್‌ಸ್ಟೇ ನಡೆಸಲು ಇದೇ ಅಧಿಸೂಚನೆ ಅವಕಾಶ ಕಲ್ಪಿಸಿದೆ. ಕಾನೂನೇ ಸಣ್ಣವರ ಪಕ್ಷ ವಹಿಸಿರುವ ಅಪರೂಪದ ಪ್ರಸಂಗವಿದು. ಹೊರಗಿನಿಂದ ಬಂದು ಕಡಲಿಗೆ ಅಂಟಿದ ನಿವೇಶನ ಕೊಂಡವರು ಕೊನೆಗೆ ಬೇಲಿ ಹಾಕಿದ ಮರಳಿನ ಒಡೆಯರಾಗಿಯಷ್ಟೇ ಉಳಿಯಬಹುದು.

ಜಗತ್ತಿನ ಇನ್ನೊಂದು ಮೂಲೆಯ ಅನುಭವವೂ ಹೀಗೆಯೇ ಇದೆ. ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಪಶ್ಚಿಮ ತುದಿಯಲ್ಲಿ ರಿಂಕೋನ್ ಎಂಬ ಪುಟ್ಟ ಪಟ್ಟಣವಿದೆ. 1968ರಲ್ಲಿ ವಿಶ್ವ ಸರ್ಫಿಂಗ್ ಸ್ಪರ್ಧೆ ಅಲ್ಲಿ ನಡೆದ ಮೇಲೆ ಊರಿನ ಹೆಸರು ಲೋಕಕ್ಕೆ ತಿಳಿಯಿತು. ಪ್ರವಾಸಿಗರು ಬಂದರು, ವಸತಿಗೃಹಗಳು ಬಂದವು, ಕಟ್ಟಡಗಳು ನೀರಿನ ಅಂಚಿನವರೆಗೂ ಬೆಳೆದವು. 2017ರ ಮರಿಯಾ ಚಂಡಮಾರುತ ದಂಡೆಯನ್ನು ಕೊರೆದು ಹಾಕಿತು. ಅಲ್ಲಿನ ವಸತಿ ಸಮುಚ್ಚಯವೊಂದು ಕಡಲಿನ ಅಂಚಿನಲ್ಲಿಯೇ ಈಜುಕೊಳವನ್ನು ಮತ್ತೆ ಕಟ್ಟಲು ಹೊರಟಾಗ 2021ರಲ್ಲಿ ಜನರು ದಂಡೆಯ ಮೇಲೆಯೇ ಪ್ರತಿಭಟನೆಗೆ ಕುಳಿತರು. ಕಡಲಾಮೆಗಳು ಮೊಟ್ಟೆಯಿಡುವ ಜಾಗ ಸಾರ್ವಜನಿಕರದೆಂಬುದು ಅವರ ವಾದ. ಕೀರ್ತಿ ತಂದ ಕಡಲನ್ನು ಕಟ್ಟಡ ನುಂಗಹೊರಟಾಗ ವ್ಯಾಜ್ಯ ಹುಟ್ಟುವುದು ಎಲ್ಲೆಡೆಯೂ ಒಂದೇ. ಮೂಲ್ಕಿ ಇನ್ನೂ ಆ ಹಂತ ತಲುಪಿಲ್ಲ ಎಂಬುದೇ ಅದರ ಭಾಗ್ಯ.

ದೊಡ್ಡ ಬಂಡವಾಳ ಬಾರದೆ ರಸ್ತೆ, ಶೌಚಾಲಯ, ಉದ್ಯೋಗ ಹೇಗೆ ಬಂದೀತು ಎಂಬ ಆಕ್ಷೇಪದಲ್ಲಿ ತಥ್ಯವಿಲ್ಲದಿಲ್ಲ. ಆದರೆ ರಸ್ತೆ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆ ಸರ್ಕಾರದ ಹೊಣೆ. ಅವುಗಳಿಗಾಗಿ ಪ್ರತಿಯೊಂದು ತೀರವೂ ರೆಸಾರ್ಟಿನ ಬೇಲಿಯೊಳಗೆ ಹೋಗಬೇಕಾಗಿಲ್ಲ.

ಕಾರ್ಖಾನೆದಾರರಿಗೆ ಇರುವ ಅವಕಾಶ

ಹಾಗಾದರೆ ಬೆಳಗಾವಿಯ ಉದ್ಯಮಿ ಕಡಲಿನತ್ತ ನೋಡಲೇಬಾರದೇ? ನೋಡಬೇಕು, ತನ್ನ ಕಸುಬಿನ ಕಣ್ಣಿನಿಂದ ನೋಡಬೇಕು. ಎರಕ, ಯಂತ್ರಭಾಗ, ಹೈಡ್ರಾಲಿಕ್ಸ್‌ಗಳಲ್ಲಿ ಹೆಸರು ಮಾಡಿದ ಊರು ಇದು. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಕಡಲತೀರದ ಕಸುಬಿಗೆ ಬೇಕಾದ ಸಾಮಗ್ರಿಗಳಲ್ಲಿ ಹಲಗೆಗಳು ಬಹುಮಟ್ಟಿಗೆ ಹೊರದೇಶಗಳಿಂದ ಬರುತ್ತವೆ. ಅವುಗಳನ್ನು ತಯಾರಿಸಲು ಫೋಮ್, ಗಾಜಿನ ನಾರಿನ ಬಟ್ಟೆ, ರೆಸಿನ್ ಹಾಗೂ ನಿಖರವಾದ ಕೈಕೆಲಸ ಬೇಕು. ಅದು ಕೂಡಲೇ ಕೈಗೆಟುಕದಿದ್ದರೂ, ಹಲಗೆ ಇಡುವ ಸ್ಟ್ಯಾಂಡು, ವಾಹನದ ಮೇಲಿನ ಚೌಕಟ್ಟು, ಮರಳಿನಲ್ಲಿ ಉರುಳುವ ಕೈಗಾಡಿ, ತುಕ್ಕು ಹಿಡಿಯದ ನಲ್ಲಿ, ಕೊಂಡಿ, ತಿರುಪು, ಜೀವರಕ್ಷಕರ ಎತ್ತರದ ಪೀಠ ಇವೆಲ್ಲ ಉದ್ಯಮಬಾಗ, ಮಚ್ಛೆಗಳ ಯಾವ ವರ್ಕ್‌ಶಾಪಿನಲ್ಲಿಯೂ ಆಗಬಲ್ಲ ಕೆಲಸ.

ಒಂದೇ ಷರತ್ತು, ಕಡಲನ್ನು ಅರಿತು ಮಾಡಬೇಕು. ಘಟ್ಟದ ಮೇಲೆ ವರ್ಷಗಟ್ಟಲೆ ಹೊಳೆಯುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉಪ್ಪುಗಾಳಿಯಲ್ಲಿ ಬೇಗನೆ ಚುಕ್ಕೆ ಹಿಡಿಯುತ್ತದೆ. ಮಾಲಿಬ್ಡಿನಮ್ ಬೆರೆತ 316 ದರ್ಜೆ ದುಬಾರಿಯಾದರೂ ತಾಳುತ್ತದೆ. ಅಗ್ಗದ ಉಕ್ಕಿನಲ್ಲಿ ಮಾಡಿಕೊಟ್ಟ ಸರಕು ಮೊದಲ ಮಳೆಗಾಲಕ್ಕೇ ಮರಳಿ ಬರುತ್ತದೆ, ಗಿರಾಕಿ ಮರಳಿ ಬರುವುದಿಲ್ಲ. ಮಾರುಕಟ್ಟೆ ಸಣ್ಣದು ಎಂಬುದು ನಿಜ. ಆದರೆ ಮೀನುಗಾರಿಕೆ, ದೋಣಿ, ಬಂದರು, ವಸತಿಗೃಹ ಎಲ್ಲಕ್ಕೂ ಬೇಕಾದುದು ಇದೇ ಬಗೆಯ ಸರಕು. ಸರ್ಫಿಂಗ್ ಆ ದೊಡ್ಡ ಪೇಟೆಯ ಒಂದು ಬಾಗಿಲು ಮಾತ್ರ.

ಹಿತ್ತಲ ಗಿಡದ ಮದ್ದು

ಮೂಲ್ಕಿಯ ಪಾಠ ಕಡಲಿಗೆ ಮಾತ್ರ ಸೀಮಿತವಲ್ಲ. ಬೆಳಗಾವಿಯ ಬಾಗಿಲಲ್ಲೇ ಇರುವ ಖಾನಾಪುರ ತಾಲ್ಲೂಕಿನಲ್ಲಿ ಯಾರ ಪುಸ್ತಕದಲ್ಲಿಯೂ ಬರೆಯದ ಆಸ್ತಿಗಳು ಎಷ್ಟಿವೆ! ಕದಂಬರ ಹಲಸಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡ, ಕುಂಬಾರಿಕೆಯ ತರಬೇತಿಗೆ ಹೆಸರಾದ ಖಾನಾಪುರದ ಸಂಸ್ಥೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ, ಜಗತ್ತಿನ ಕೆಲವೇ ತಾಣಗಳಲ್ಲಿ ಕಂಡುಬಂದಿರುವ ರೌಟನ್ ಬಾವಲಿ ನೆಲೆಸಿದೆ. ಗುಹೆಯ ಶಾಂತಿ ಕೆಡದಂತೆ ಅದನ್ನು ಉಳಿಸಿಕೊಳ್ಳುವುದೇ ಅದಕ್ಕೆ ಕಟ್ಟಬಹುದಾದ ಬೆಲೆ.

ಇಲ್ಲಿ ಇನ್ನೊಂದು ಕೂಡುಲೆಕ್ಕವೂ ಇದೆ. ಕರಾವಳಿಯ ಕಡಲು ಬಾಗಿಲು ಮುಚ್ಚುವ ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಖಾನಾಪುರದ ಹಸಿರು ಮೈದುಂಬುವುದು. ಅರಣ್ಯ ಇಲಾಖೆಯ ನಿರ್ಬಂಧಗಳನ್ನು ಚಾಚೂ ತಪ್ಪದೆ ಪಾಲಿಸಿ, ಕಾಡಿನ ಹೊರಗಿನ ಊರುಗಳಲ್ಲಿ, ದೇಗುಲಗಳ ಸುತ್ತ, ಕುಂಬಾರರ ಮನೆಗಳಲ್ಲಿ ಈ ಕಾಲವನ್ನು ಬಳಸಿಕೊಳ್ಳಬಹುದು. ಆದರೆ ಕ್ರಮ ಮೂಲ್ಕಿಯದೇ ಆಗಬೇಕು. ಮೊದಲು ಹಲಸಿಯ ಇತಿಹಾಸವನ್ನು ತಪ್ಪಿಲ್ಲದೆ ಹೇಳಬಲ್ಲ ಹತ್ತು ಯುವಕ–ಯುವತಿಯರು, ಬಂದವರಿಗೆ ಜೋಳದ ರೊಟ್ಟಿ, ಅಕ್ಕಿ ರೊಟ್ಟಿ ಬಡಿಸಬಲ್ಲ ಹತ್ತು ಮನೆಗಳು. ಕಟ್ಟಡದ ಮಾತು ಆಮೇಲೆ.

ಈ ಹಿನ್ನೆಲೆಯಲ್ಲಿ ಬೆಳಗಾವಿಯ ವಾಣಿಜ್ಯ ವಲಯ ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳುವುದು ಉಚಿತ.

1. ಆಸಕ್ತ ಸದಸ್ಯರ ಸಣ್ಣ ತಂಡವೊಂದು ನವೆಂಬರ್–ಫೆಬ್ರುವರಿ ನಡುವೆ ಮೂಲ್ಕಿ, ಸಸಿಹಿತ್ಲುಗಳಿಗೆ ಅಧ್ಯಯನ ಪ್ರವಾಸ ಕೈಗೊಂಡು, ತರಬೇತುದಾರರು, ಹೋಮ್‌ಸ್ಟೇ ನಡೆಸುವವರು ಹಾಗೂ ಮೀನುಗಾರರೊಡನೆ ಮಾತನಾಡಿ, ಅವರಿಗೆ ಬೇಕಾದ ಸಾಮಗ್ರಿಗಳ ಪಟ್ಟಿ ತರಬೇಕು.

2. ಕಡಲತೀರದಲ್ಲಿ ನಿವೇಶನ ಕೊಳ್ಳಬಯಸುವ ಸದಸ್ಯರು ಮುಂಗಡ ಕೊಡುವ ಮುನ್ನ ಕರಾವಳಿ ವಲಯದ ನಕ್ಷೆ, ಭೂಪರಿವರ್ತನೆಯ ಆದೇಶ ಮತ್ತು ಹಣದ ಮೂಲ ಈ ಮೂರನ್ನೂ ಪರಿಶೀಲಿಸಿಕೊಳ್ಳುವ ಪರಿಪಾಠ ಬರಬೇಕು.

3. ಖಾನಾಪುರ ತಾಲ್ಲೂಕಿನ ಯುವಜನರಿಗೆ ಮಾರ್ಗದರ್ಶಿ ತರಬೇತಿ ನೀಡುವ ಸಣ್ಣ ಯೋಜನೆಯೊಂದಕ್ಕೆ ಉದ್ಯಮಿಗಳು ವರ್ಷಕ್ಕೆ ಇಂತಿಷ್ಟು ಎಂದು ಹಣ ತೆಗೆದಿರಿಸಬೇಕು. ಒಂದು ನಿವೇಶನದ ಮುಂಗಡಕ್ಕಿಂತ ಅದು ಹೆಚ್ಚಾಗದು.

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ಹಿರಿಯರ ಮಾತು. ವ್ಯಾಪಾರಿಗಳು ಈ ಮಾತನ್ನು ಅವಸರಕ್ಕೆ ಸಮರ್ಥನೆಯಾಗಿ ಬಳಸುವುದೇ ಹೆಚ್ಚು. ಆದರೆ ಬೆಳೆ ಬೆಳೆದು, ಕೊಯ್ದು, ಒಕ್ಕಿ, ಕಣದಲ್ಲಿ ರಾಶಿ ಹಾಕಿದವನಿಗೆ ಮಾತ್ರ ಗಾಳಿಯಿಂದ ಪ್ರಯೋಜನ. ರಾಶಿಯಿಲ್ಲದವನು ಗಾಳಿಗೆ ಮೊರ ಹಿಡಿದರೆ ಕಣ್ಣಿಗೆ ಬೀಳುವುದು ಧೂಳು. ಮೂಲ್ಕಿಯವರು 2004ರಿಂದ ಒಕ್ಕುತ್ತಾ ಬಂದಿದ್ದಾರೆ. ಖಾನಾಪುರದಲ್ಲಿ ಕಣ ಇನ್ನೂ ಖಾಲಿ ಇದೆ.